ಮರುದಿನದ ಕೆಲಸ: ಎಳೆಯರ ಕಾದಂಬರಿಗಳಲ್ಲಿ ಉಳಿವು ಮತ್ತು ಅಗಲಿಕೆ



ಹತ್ತರಿಂದ ಹದಿನಾರು ವರ್ಷದ ಮಕ್ಕಳು ಕೈಬಿಡದೆ ಓದುವ ಕಾದಂಬರಿಗಳಲ್ಲಿ ಎರಡು ಬಗೆಯವು ಮುಖ್ಯ. ಕಾಡಿನಲ್ಲೋ ನಡುಗಡ್ಡೆಯಲ್ಲೋ ಯುದ್ಧದ ನಡುವೆಯೋ ಒಂಟಿಯಾದ ಮಗು ಜೀವ ಉಳಿಸಿಕೊಳ್ಳುವ ಕಥೆ ಒಂದು. ತಾಯಿಯನ್ನೋ ತಮ್ಮನನ್ನೋ ಜೀವದ ಗೆಳತಿಯನ್ನೋ ಕಳೆದುಕೊಂಡ ಮಗುವಿನ ಕಥೆ ಇನ್ನೊಂದು. ಮೊದಲನೆಯದಕ್ಕೆ ಸಾಹಸ ಎಂದು ಹೆಸರಿಟ್ಟು ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುತ್ತೇವೆ. ಎರಡನೆಯದನ್ನು ಮಕ್ಕಳ ಕೈಗೆ ಕೊಡಲು ಹಿಂಜರಿಯುತ್ತೇವೆ. ಆದರೆ ಇವೆರಡೂ ಒಂದೇ ಕಥೆ ಎಂದು ನಾನು ನಂಬಿದ್ದೇನೆ. ಎರಡರಲ್ಲೂ ಮಗುವಿನ ಮುಂದಿರುವ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆ ಎದ್ದು ನಾನು ಏನು ಮಾಡಲಿ?

ಸಾವಾದ ಮನೆಯಲ್ಲಿ ದೊಡ್ಡವರಿಗೆ ಕೈತುಂಬ ಕೆಲಸ ಇರುತ್ತದೆ. ನೆಂಟರಿಗೆ ಫೋನು ಮಾಡಬೇಕು, ಚಟ್ಟ ಕಟ್ಟಿಸಬೇಕು, ಬಂದವರನ್ನು ನೋಡಿಕೊಳ್ಳಬೇಕು. ಮೂರನೆಯ ದಿನ ಹಾಲು ತುಪ್ಪ ಬಿಡಬೇಕು, ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿಯ ಅಡುಗೆಗೆ ಹೇಳಬೇಕು. ಮತ, ಜಾತಿ, ಊರು ಬೇರೆಯಾದಂತೆ ಕ್ರಮ ಬೇರೆಯಾದೀತು, ಆದರೆ ಅದರ ಹಿಂದಿನ ತಿಳಿವಳಿಕೆ ಒಂದೇ. ಎದೆ ಒಡೆದ ದಿನಗಳಲ್ಲಿ ಕೈಗೆ ಕೆಲಸ ಬೇಕು ಎಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಈ ಏರ್ಪಾಟಿನಲ್ಲಿ ಮಕ್ಕಳಿಗೆ ಮಾತ್ರ ಜಾಗವಿಲ್ಲ. ಅವರನ್ನು ಪಕ್ಕದ ಮನೆಗೆ ಕಳಿಸುತ್ತೇವೆ. ಅಜ್ಜಿ ದೇವರ ಹತ್ತಿರ ಹೋಗಿದ್ದಾರೆ, ಅಪ್ಪ ದೂರದ ಊರಿಗೆ ಹೋಗಿದ್ದಾರೆ ಎಂದು ಹೇಳಿ ಮಾತು ಬದಲಿಸುತ್ತೇವೆ. ತಂದೆಯ ಚಿತೆಗೆ ಕೊಳ್ಳಿಯಿಡುವ ಹುಡುಗ ಕೂಡ ದೊಡ್ಡವರು ಹೇಳಿದಷ್ಟನ್ನು ಮಾಡಿ ಬರುತ್ತಾನೆ. ಏನಾಯಿತು, ಮುಂದೇನು ಎಂದು ಅವನ ಪಕ್ಕದಲ್ಲಿ ಕುಳಿತು ಹೇಳುವವರು ಅಪರೂಪ. 2020 ಮತ್ತು 2021ರ ಕೋವಿಡ್ ಅಲೆಗಳಲ್ಲಿ ನಮ್ಮ ರಾಜ್ಯದ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಮುಖವನ್ನೂ ಕೊನೆಯ ಸಲ ನೋಡಲಾಗದೆ ಉಳಿದರು. ಅವರಲ್ಲಿ ಹಲವರು ಈಗ ಹೈಸ್ಕೂಲು, ಕಾಲೇಜುಗಳಲ್ಲಿದ್ದಾರೆ, ನಮ್ಮ ನಡುವೆಯೇ ಇದ್ದಾರೆ.

ಇಂಥ ಮಗುವಿಗೆ ಒಳ್ಳೆಯ ಕಾದಂಬರಿಯೊಂದು ಎರಡನ್ನು ಕೊಡಬಲ್ಲದು. ಒಂದು ಸತ್ಯ, ಇನ್ನೊಂದು ಕೆಲಸ. ನಡೆದದ್ದನ್ನು ನಡೆದಂತೆ ಹೇಳುವ ಧೈರ್ಯ ಮತ್ತು ಮರುದಿನ ಕೈಯಿಂದ ಮಾಡಬಹುದಾದ ಒಂದು ಪುಟ್ಟ ಕೆಲಸ. ಸಮಾಧಾನ ಬರುವುದಾದರೆ ಇವೆರಡರ ಹಿಂದೆ ಬರುತ್ತದೆ. ಇದನ್ನು ನಾಲ್ಕು ಕಾದಂಬರಿಗಳ ಮೂಲಕ ನೋಡೋಣ.

ಮೊದಲನೆಯದು ಅಮೆರಿಕದ ಲೇಖಕ ಗ್ಯಾರಿ ಪಾಲ್ಸನ್ 1987ರಲ್ಲಿ ಪ್ರಕಟಿಸಿದ 'ಹ್ಯಾಚೆಟ್'. ಹ್ಯಾಚೆಟ್ ಎಂದರೆ ಕೈಗೊಡಲಿ. ಹದಿಮೂರರ ಬ್ರಯನ್ ರೋಬ್ಸನ್‌ನ ತಂದೆ ತಾಯಿ ವಿಚ್ಛೇದನ ಪಡೆದಿದ್ದಾರೆ. ಕೆನಡಾದ ತೈಲಬಾವಿಗಳಲ್ಲಿ ಕೆಲಸ ಮಾಡುವ ತಂದೆಯ ಬಳಿಗೆ ಹುಡುಗ ಒಂದು ಪುಟ್ಟ ವಿಮಾನದಲ್ಲಿ ಹೊರಟಿದ್ದಾನೆ. ಹೊರಡುವಾಗ ತಾಯಿ ಒಂದು ಕೈಗೊಡಲಿ ಕೊಟ್ಟಿದ್ದಾಳೆ. ನಡುದಾರಿಯಲ್ಲಿ ವಿಮಾನ ನಡೆಸುವವನಿಗೆ ಹೃದಯಾಘಾತವಾಗುತ್ತದೆ. ಇಂಧನ ಮುಗಿದ ವಿಮಾನವನ್ನು ಬ್ರಯನ್ ಹೇಗೋ ಒಂದು ಸರೋವರಕ್ಕೆ ಇಳಿಸಿ ಈಜಿ ದಡ ಸೇರುತ್ತಾನೆ. ಅಲ್ಲಿಂದ ಮುಂದೆ 54 ದಿನ ಅವನೊಬ್ಬನೇ.

ಈ ಕಥೆಯನ್ನು ಓದದವರು ಇದರಲ್ಲಿ ಕರಡಿಯ ಜತೆ ಕಾದಾಟ, ಕಾಡಿನ ರೋಮಾಂಚನ ಇರಬೇಕು ಎಂದುಕೊಂಡಾರು. ಕರಡಿ ಬರುತ್ತದೆ, ಹಣ್ಣು ತಿಂದು ತನ್ನ ದಾರಿ ಹಿಡಿಯುತ್ತದೆ. ಪುಸ್ತಕದ ತುಂಬ ಇರುವುದು ಸಣ್ಣ ಸಣ್ಣ ಕೆಲಸಗಳು. ಒಂದು ರಾತ್ರಿ ಅವನ ಗುಹೆಗೆ ಮುಳ್ಳುಹಂದಿ ನುಗ್ಗಿ ಕಾಲಿಗೆ ಮುಳ್ಳು ಚುಚ್ಚುತ್ತದೆ. ಕತ್ತಲಲ್ಲಿ ಅವನು ಎಸೆದ ಕೊಡಲಿ ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಬೆಳಗ್ಗೆ ಅದೇ ಕಿಡಿಯಿಂದ ಬೆಂಕಿ ಮಾಡಲು ಕೂರುತ್ತಾನೆ. ಒಣಹುಲ್ಲು ಹತ್ತುವುದಿಲ್ಲ. ಜೇಬಿನಲ್ಲಿದ್ದ ಇಪ್ಪತ್ತು ಡಾಲರಿನ ನೋಟನ್ನು ಹರಿದು ಹಾಕುತ್ತಾನೆ, ಅದೂ ಹತ್ತುವುದಿಲ್ಲ. ಬರ್ಚ್ ಮರದ ತೊಗಟೆಯನ್ನು ಕೂದಲಿನಷ್ಟು ಸಣ್ಣಗೆ ಸೀಳಿ ಗೂಡು ಮಾಡಿ, ಕಿಡಿ ಬಿದ್ದೊಡನೆ ಊದಬೇಕು ಎಂಬುದು ತಿಳಿಯಲು ಗಂಟೆಗಟ್ಟಲೆ ಬೇಕಾಗುತ್ತದೆ. ಮೀನಿಗೆ ಈಟಿ ಹಾಕಿದರೆ ಗುರಿ ತಪ್ಪುತ್ತಲೇ ಇರುತ್ತದೆ. ನೀರಿನಲ್ಲಿ ಬೆಳಕು ಬಾಗುವುದರಿಂದ ಮೀನು ಕಂಡ ಜಾಗಕ್ಕಿಂತ ಕೆಳಗೆ ಇರುತ್ತದೆ ಎಂದು ಹೊಳೆದ ದಿನ ಅವನಿಗೆ ಊಟ ಸಿಗುತ್ತದೆ.

ಬ್ರಯನ್‌ಗೆ ಹಸಿವಿಗಿಂತ ದೊಡ್ಡ ಶತ್ರು ಒಂದಿದೆ. ಮೊದಲ ದಿನಗಳಲ್ಲಿ ಅವನು ಕತ್ತಲಲ್ಲಿ ಕೂತು ತನ್ನ ಗತಿಗೆ ತಾನೇ ಅಳುತ್ತಾನೆ. ಅತ್ತು ಮುಗಿದ ಮೇಲೆ ಕಾಲಿನ ನೋವೂ ಕತ್ತಲೂ ಇದ್ದ ಹಾಗೆಯೇ ಇರುತ್ತವೆ. ತನ್ನ ಮೇಲೆ ತಾನು ಮರುಕಪಡುವುದರಿಂದ ಏನೂ ನಡೆಯುವುದಿಲ್ಲ ಎಂಬುದು ಅವನು ಕಾಡಿನಲ್ಲಿ ಕಲಿತ ಮೊದಲ ಪಾಠ. ಹುಡುಕಿಕೊಂಡು ಬಂದ ವಿಮಾನವೊಂದು ಅವನನ್ನು ಕಾಣದೆ ತಿರುಗಿ ಹೋದಾಗ ಸಾಯುವ ಯೋಚನೆಯ ತನಕವೂ ಹೋಗಿ ಬರುತ್ತಾನೆ. ಅಲ್ಲಿಂದ ಅವನನ್ನು ಹಿಂದಕ್ಕೆ ತಂದದ್ದು ಯಾವ ಉಪದೇಶವೂ ಅಲ್ಲ, ಬೆಂಕಿ ಕಾಯಬೇಕು, ಸೌದೆ ತರಬೇಕು, ಮೀನು ಹಿಡಿಯಬೇಕು ಎಂಬ ದಿನಚರಿ. ಕೊನೆಗೊಂದು ವಿಮಾನ ಸರೋವರದಲ್ಲಿ ಇಳಿದಾಗ ಹುಡುಗ ಓಡಿಹೋಗಿ ಅಪ್ಪಿಕೊಂಡು ಅಳುವುದಿಲ್ಲ. ತನ್ನ ಹೆಸರು ಹೇಳಿ, ಬಂದವನನ್ನು ಊಟಕ್ಕೆ ಕರೆಯುತ್ತಾನೆ. ಅವನ ಒಲೆಯ ಮೇಲೆ ಅಡುಗೆ ಬೇಯುತ್ತಿದೆ. ಅತಿಥಿಯನ್ನು ಊಟಕ್ಕೆ ಕರೆಯಬಲ್ಲವನು ಗೆದ್ದವನು.

ಇದು ಉಳಿವಿನ ಕಥೆ ಎಂದು ಹೆಸರಾಯಿತು. ಆದರೆ ಬ್ರಯನ್ ವಿಮಾನ ಹತ್ತುವ ಮೊದಲೇ ತನ್ನ ಮನೆಯನ್ನು ಕಳೆದುಕೊಂಡಿದ್ದ. ತಾಯಿ ಬೇರೊಬ್ಬನ ಜತೆಗಿದ್ದುದನ್ನು ಕಂಡ ಗುಟ್ಟು ಅವನ ಎದೆಯಲ್ಲಿತ್ತು. ಆ ಗುಟ್ಟನ್ನು ಅವನು ತಂದೆಗೆ ಹೇಳುವುದೇ ಇಲ್ಲ. ಹೊತ್ತುಕೊಂಡು ಬದುಕಲು ಕಲಿಯುತ್ತಾನೆ. ಇಷ್ಟನ್ನು ಬರೆಯಲು ಪಾಲ್ಸನ್‌ಗೆ ತಮ್ಮ ಬಾಲ್ಯವೇ ಸಾಕಾಗಿತ್ತು. ತಂದೆ ತಾಯಿ ಇಬ್ಬರೂ ಕುಡಿತಕ್ಕೆ ಬಿದ್ದ ಮನೆ ಅವರದು. ಚಳಿಗಾಲದ ಒಂದು ಸಂಜೆ ಮೈ ಬೆಚ್ಚಗೆ ಮಾಡಿಕೊಳ್ಳಲು ಸಾರ್ವಜನಿಕ ಗ್ರಂಥಾಲಯದೊಳಗೆ ನುಗ್ಗಿದ ಹುಡುಗನಿಗೆ ಅಲ್ಲಿನ ಗ್ರಂಥಪಾಲಕಿ ಒಂದು ಕಾರ್ಡು ಮಾಡಿಕೊಟ್ಟು ಪುಸ್ತಕ ಕೈಗಿತ್ತರು. ಆ ಕಾರ್ಡೇ ತನ್ನನ್ನು ಉಳಿಸಿತು ಎಂದು ಅವರು ಬದುಕಿನುದ್ದಕ್ಕೂ ಹೇಳುತ್ತಿದ್ದರು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬರೆದ ಪುಸ್ತಕಗಳ ಸಂಖ್ಯೆ 200 ದಾಟಿತ್ತು.

ಎರಡನೆಯ ಕಾದಂಬರಿ ಸ್ಕಾಟ್ ಓಡೆಲ್ ಬರೆದ 'ಐಲೆಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್'. 1960ರಲ್ಲಿ ಬಂದು ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯ ಪ್ರಶಸ್ತಿಯಾದ ನ್ಯೂಬೆರಿ ಪದಕ ಪಡೆದ ಈ ಪುಸ್ತಕದ ಬೆನ್ನಿಗೆ ನಿಜವಾದ ಚರಿತ್ರೆಯೊಂದಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಸ್ಯಾನ್ ನಿಕೋಲಸ್ ಎಂಬ ಗಾಳಿ ಬಡಿಯುವ ದ್ವೀಪ. 1814ರಲ್ಲಿ ಕಡಲ ನೀರುನಾಯಿಗಳ ತುಪ್ಪಳಕ್ಕಾಗಿ ರಷ್ಯನ್ ವ್ಯಾಪಾರಿಗಳ ಪರವಾಗಿ ಬಂದ ಬೇಟೆಗಾರರು ಅಲ್ಲಿನ ಜನರಲ್ಲಿ ಬಹುಪಾಲನ್ನು ಕೊಂದರು. 1835ರಲ್ಲಿ ಉಳಿದವರನ್ನು ಹಡಗಿನಲ್ಲಿ ಕರೆದೊಯ್ದಾಗ ಒಬ್ಬ ಹೆಂಗಸು ಹಿಂದೆ ಉಳಿದಳು. 1853ರಲ್ಲಿ ನಾಯಕ ಜಾರ್ಜ್ ನೈಡೆವರ್‌ನ ತಂಡ ಅವಳನ್ನು ಕಾಣುವವರೆಗೆ, 18 ವರ್ಷ, ಅವಳು ಆ ದ್ವೀಪದಲ್ಲಿ ಬದುಕಿದ್ದಳು. ಸ್ಯಾಂಟಾ ಬಾರ್ಬರಾಕ್ಕೆ ಕರೆತಂದಾಗ ಅವಳ ಮಾತು ಅಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಏಳು ವಾರಗಳಲ್ಲಿ ಭೇದಿಯಿಂದ ತೀರಿಕೊಂಡಳು. ಅವಳಿಗೆ ಹ್ವಾನಾ ಮರೀಯಾ ಎಂದು ಹೆಸರಿಟ್ಟರು. ಅವಳ ಸ್ವಂತ ಹೆಸರು ಲೋಕಕ್ಕೆ ತಿಳಿಯಲಿಲ್ಲ.

ಓಡೆಲ್ ಈ ಹೆಂಗಸನ್ನು ಹನ್ನೆರಡರ ಹುಡುಗಿಯಾಗಿ, ಕರಾನಾ ಎಂಬ ಹೆಸರಿನಲ್ಲಿ ಕಂಡರು. ಹಡಗು ಹೊರಟಾಗ ಪುಟ್ಟ ತಮ್ಮ ರಾಮೋ ದಡದಲ್ಲೇ ಉಳಿದಿದ್ದನ್ನು ನೋಡಿ ಅವಳು ನೀರಿಗೆ ಹಾರುತ್ತಾಳೆ. ತಮ್ಮನಿಗಾಗಿ ಮರಳಿದವಳಿಗೆ ತಮ್ಮನೂ ಉಳಿಯುವುದಿಲ್ಲ. ಕಾಡುನಾಯಿಗಳ ಹಿಂಡು ಅವನನ್ನು ಕೊಲ್ಲುತ್ತದೆ. ಆಗ ಅವಳು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಖಾಲಿಯಾದ ಊರಿನ ಮನೆಗಳನ್ನು ಒಂದೊಂದಾಗಿ ಸುಡುವುದು. ನೆನಪಿನ ನಡುವೆ ಇರಲಾರೆ ಎಂದು ಹಳೆಯ ಊರನ್ನು ಬಿಟ್ಟು ಹೊಸ ಜಾಗ ಹುಡುಕಿ, ತಿಮಿಂಗಿಲದ ಪಕ್ಕೆಲುಬುಗಳನ್ನು ನೆಟ್ಟು ಬೇಲಿ ಕಟ್ಟುತ್ತಾಳೆ. ಅವಳ ಕುಲದ ನಿಯಮದಂತೆ ಹೆಂಗಸರು ಆಯುಧ ಮಾಡಬಾರದು. ಮಾಡಿದರೆ ಬೇಕಾದ ಹೊತ್ತಿನಲ್ಲಿ ಅದು ಮುರಿಯುತ್ತದೆ ಎಂಬ ಭಯ. ನಿಯಮ ಹೇಳಿದ ಹಿರಿಯರಾಗಲಿ ಕಾಪಾಡಬೇಕಾದ ಗಂಡಸರಾಗಲಿ ಈಗ ಇಲ್ಲ. ನಡುಗುವ ಕೈಯಿಂದಲೇ ಅವಳು ಬಿಲ್ಲು ಬಾಣ ಮಾಡುತ್ತಾಳೆ. ಅದು ಮುರಿಯುವುದಿಲ್ಲ.

ತಮ್ಮನನ್ನು ಕೊಂದ ನಾಯಿಗಳನ್ನು ಕೊಲ್ಲುತ್ತೇನೆಂದು ಕರಾನಾ ಪಣ ತೊಟ್ಟಿದ್ದಾಳೆ. ಹಿಂಡಿನ ನಾಯಕನಿಗೆ ಬಾಣ ಹೊಡೆಯುತ್ತಾಳೆ. ಗಾಯಗೊಂಡು ಬಿದ್ದ ನಾಯಿಯ ಮುಂದೆ ಇನ್ನೊಂದು ಬಾಣ ಹೂಡಿ ನಿಂತವಳು ಅದನ್ನು ಬಿಡುವುದಿಲ್ಲ. ಮನೆಗೆ ಹೊತ್ತು ತಂದು ಆರೈಕೆ ಮಾಡಿ ರೊಂಟು ಎಂದು ಹೆಸರಿಡುತ್ತಾಳೆ. ಯಾಕೆ ಹಾಗೆ ಮಾಡಿದಳು ಎಂದು ಲೇಖಕ ವಿವರಿಸುವುದಿಲ್ಲ, ಅವಳೂ ಹೇಳುವುದಿಲ್ಲ. ಹದಿಮೂರು ವರ್ಷದ ಓದುಗನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಸೇಡು ತೀರಿದರೂ ಮರುದಿನ ಮಾತನಾಡಿಸಲು ಯಾರೂ ಇರುವುದಿಲ್ಲ ಎಂಬುದು ಆ ವಯಸ್ಸಿಗೆ ಅರ್ಥವಾಗುತ್ತದೆ. ವರ್ಷಗಳು ಕಳೆದಂತೆ ಅವಳು ನೀರುನಾಯಿಗಳನ್ನೂ ಹಕ್ಕಿಗಳನ್ನೂ ಕೊಲ್ಲುವುದನ್ನು ಬಿಡುತ್ತಾಳೆ. ಬದುಕುಳಿದವಳ ಶಕ್ತಿ ಇತರ ಜೀವಗಳ ಕಡೆಗೆ ಕರುಣೆಯಾಗಿ ತಿರುಗುವುದನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಪುಸ್ತಕಗಳು ವಿರಳ.

ಒಂಟಿತನಕ್ಕೆ ನಡುಗಡ್ಡೆಯೇ ಬೇಕೆಂದಿಲ್ಲ. ಊರಿಯೆಲ್ ಓರ್ಲೇವ್ 1981ರಲ್ಲಿ ಹೀಬ್ರೂ ಭಾಷೆಯಲ್ಲಿ ಬರೆದ 'ದಿ ಐಲೆಂಡ್ ಆನ್ ಬರ್ಡ್ ಸ್ಟ್ರೀಟ್' ಕಾದಂಬರಿಯಲ್ಲಿ ಹನ್ನೊಂದರ ಅಲೆಕ್ಸ್, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಕೇರಿಯ ಪಾಳುಮನೆಯೊಂದರಲ್ಲಿ ಅಡಗಿ ತಂದೆಗಾಗಿ ಕಾಯುತ್ತಾನೆ. ಜತೆಗೆ ಒಂದು ಬಿಳಿ ಇಲಿ. ಅವನಿಗೆ ಆ ಮನೆಯೇ ರಾಬಿನ್ಸನ್ ಕ್ರೂಸೋನ ದ್ವೀಪ. ಓರ್ಲೇವ್ ಸ್ವತಃ ಬಾಲಕನಾಗಿ ವಾರ್ಸಾದ ಅಂಥದ್ದೇ ಕೇರಿಯಲ್ಲಿ ಅಡಗಿ ಬದುಕಿದವರು. ತಾಯಿಯನ್ನು ನಾಜಿಗಳು ಕೊಂದರು. 1996ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ನಮ್ಮ ಮಕ್ಕಳು ಸಿನಿಮಾ ನೋಡಿ ಓದಲು ತೊಡಗಿದ 'ಹಂಗರ್ ಗೇಮ್ಸ್' ಕೂಡ ಇದೇ ದಾರಿಯದು. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದ ಆ ಕಥೆಯಲ್ಲಿ ಕ್ಯಾಟ್ನಿಸ್ ಬಿಲ್ಲು ಹಿಡಿದದ್ದು ವೀರವನಿತೆಯಾಗಲು ಅಲ್ಲ. ಗಣಿಯ ಸ್ಫೋಟದಲ್ಲಿ ತಂದೆ ಸತ್ತರು, ತಾಯಿ ಮಾತು ಬಿಟ್ಟು ಕುಳಿತುಬಿಟ್ಟಳು, ತಂಗಿಗೆ ಹಸಿವು. ಹನ್ನೊಂದರ ಹುಡುಗಿ ತಂದೆಯ ಬಿಲ್ಲು ಎತ್ತಿಕೊಂಡು ಕಾಡಿಗೆ ಹೋದಳು. ನಾವು ಸಾಹಸ ಎಂದು ಕರೆದದ್ದರ ಬುಡದಲ್ಲಿ ಹೀಗೆ ಒಂದು ಅಗಲಿಕೆ ಇದ್ದೇ ಇರುತ್ತದೆ.

ಈಗ ಕಾಡೂ ಕಡಲೂ ಇಲ್ಲದ ಕಥೆಗಳಿಗೆ ಬರೋಣ. ಅಮೆರಿಕದ ಲೇಖಕಿ ಕ್ಯಾಥರಿನ್ ಪ್ಯಾಟರ್ಸನ್ ಅವರ ಮಗನಿಗೆ ಒಬ್ಬಳು ಆಪ್ತ ಗೆಳತಿ ಇದ್ದಳು. 1974ರ ಬೇಸಗೆಯಲ್ಲಿ ಆ ಎಂಟು ವರ್ಷದ ಹುಡುಗಿ ಸಿಡಿಲು ಬಡಿದು ಸತ್ತಳು. ಮಗನ ದುಃಖವನ್ನು ಅರಿಯಲು, ತಮ್ಮದನ್ನೂ ಅರಿಯಲು ಪ್ಯಾಟರ್ಸನ್ ಬರೆಯತೊಡಗಿದರು. ಸಾವು ಬರಬೇಕಾದ ಅಧ್ಯಾಯದ ಹತ್ತಿರ ಬಂದಾಗ ಅವರ ಲೇಖನಿ ನಿಂತುಬಿಟ್ಟಿತು. ಬರೆಯದಿದ್ದರೆ ಆ ಹುಡುಗಿ ಬದುಕಿರುತ್ತಾಳೆ ಎಂಬ ಆಸೆ. ಕೊನೆಗೂ ಬರೆದರು. 1977ರಲ್ಲಿ ನಮ್ಮ ಮೂರನೆಯ ಕಾದಂಬರಿ 'ಬ್ರಿಜ್ ಟು ಟೆರಬಿತಿಯಾ' ಪ್ರಕಟವಾಯಿತು, 1978ರಲ್ಲಿ ನ್ಯೂಬೆರಿ ಪದಕ ಬಂತು. ಗೆಳತಿಯನ್ನು ಕಳೆದುಕೊಂಡ ಆ ಮಗ ಡೇವಿಡ್, ದೊಡ್ಡವನಾದ ಮೇಲೆ 2007ರ ಚಲನಚಿತ್ರದ ಚಿತ್ರಕಥೆ ಬರೆದವರಲ್ಲಿ ಒಬ್ಬರಾದರು.

ಕಥೆ ವರ್ಜೀನಿಯಾದ ಹಳ್ಳಿಯೊಂದರಲ್ಲಿ ನಡೆಯುತ್ತದೆ. ಬಡ ಮನೆಯ ಜೆಸ್ ಆರನ್ಸ್ ಚಿತ್ರ ಬರೆಯುವ ಹುಡುಗ, ಐದನೆಯ ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡಬೇಕೆಂಬ ಕನಸಿನವನು. ಹೊಸದಾಗಿ ಬಂದ ಲೆಸ್ಲಿ ಎಂಬ ಹುಡುಗಿ ಅವನನ್ನು ಓಟದಲ್ಲಿ ಸೋಲಿಸಿ ಗೆಳತಿಯಾಗುತ್ತಾಳೆ. ಇಬ್ಬರೂ ಹಗ್ಗಕ್ಕೆ ಜೋತು ಹಳ್ಳ ದಾಟಿ, ಆಚೆ ದಡದ ಕಾಡಿನಲ್ಲಿ ಟೆರಬಿತಿಯಾ ಎಂಬ ತಮ್ಮದೇ ರಾಜ್ಯ ಕಟ್ಟಿಕೊಳ್ಳುತ್ತಾರೆ. ಒಂದು ದಿನ ಸಂಗೀತದ ಟೀಚರ್ ಜೆಸ್‌ನನ್ನು ವಾಷಿಂಗ್ಟನ್ನಿನ ಚಿತ್ರಶಾಲೆಗೆ ಕರೆದೊಯ್ಯುತ್ತಾರೆ. ಲೆಸ್ಲಿಯನ್ನೂ ಕರೆಯಬಹುದಿತ್ತು, ಅವನು ಕರೆಯಲಿಲ್ಲ, ಒಬ್ಬನೇ ಹೋಗುವುದು ಅವನಿಗೆ ಹಿತವಾಗಿತ್ತು. ಅದೇ ದಿನ ಹಗ್ಗ ಕಡಿದು, ಉಕ್ಕಿದ ಹಳ್ಳದಲ್ಲಿ ಲೆಸ್ಲಿ ಸಾಯುತ್ತಾಳೆ.

ಇಲ್ಲಿಂದ ಮುಂದಿನ ಪುಟಗಳನ್ನು ಮಕ್ಕಳ ಜತೆ ಇರುವ ಪ್ರತಿಯೊಬ್ಬರೂ ಓದಬೇಕು. ಜೆಸ್ ಮೊದಲು ನಂಬುವುದಿಲ್ಲ. ಮರುದಿನ ತಟ್ಟೆ ತುಂಬ ತಿಂಡಿ ತಿನ್ನುತ್ತಾನೆ. ಅಕ್ಕಂದಿರಿಗೆ ಆಶ್ಚರ್ಯ: ಇವನಿಗೆ ದುಃಖವೇ ಇಲ್ಲವೆ? ಇನ್ನು ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವನು ತಾನೇ ಎಂಬ ಯೋಚನೆ ಕೂಡ ಅವನ ತಲೆಯಲ್ಲಿ ಸುಳಿಯುತ್ತದೆ. ತನ್ನನ್ನು ಬಿಟ್ಟುಹೋದಳೆಂದು ಸತ್ತವಳ ಮೇಲೆ ಸಿಟ್ಟು ಬರುತ್ತದೆ. ಅವಳು ಕೊಟ್ಟ ಬಣ್ಣದ ಪೆಟ್ಟಿಗೆಯನ್ನು ನೀರಿಗೆಸೆಯುತ್ತಾನೆ. ದುಃಖದಲ್ಲಿರುವ ಮಗು ನಾವು ಬಯಸಿದಂತೆ ಅಳುತ್ತ ಕೂರುವುದಿಲ್ಲ. ಅದು ಆಡಲು ಓಡಬಹುದು, ನಗಬಹುದು, ತಂಗಿಗೆ ಹೊಡೆಯಬಹುದು. ಜೆಸ್ ತಂಗಿಗೆ ಹೊಡೆಯುತ್ತಾನೆ. ಹಾಗೆ ಮಾಡಿದ ಮಗುವನ್ನು ಕಲ್ಲುಮನಸ್ಸಿನವನು ಎಂದುಕೊಳ್ಳಬೇಡಿ ಎಂದು ಈ ಪುಸ್ತಕ ಹಿರಿಯರಿಗೂ ಹೇಳುತ್ತದೆ. ಯಾವತ್ತೂ ಮುದ್ದು ಮಾಡದ ತಂದೆ ಅವನ ಹಿಂದೆ ಹಳ್ಳದ ತನಕ ಬಂದು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಮಕ್ಕಳೆಲ್ಲ ಹೆದರುವ ತರಗತಿಯ ಟೀಚರ್ ಅವನನ್ನು ಹೊರಗೆ ಕರೆದು, ತನ್ನ ಗಂಡ ಸತ್ತಾಗ ಎಲ್ಲರೂ ಅಳಬೇಡ ಎಂದರು, ತನಗೆ ಮರೆಯುವುದು ಬೇಕಿರಲಿಲ್ಲ ಎನ್ನುತ್ತಾರೆ. ಅಲ್ಲಿ ಮೊದಲ ಸಲ ಅವನಿಗೆ ಸತ್ಯ ಸಿಗುತ್ತದೆ. ಆಮೇಲೆ ಕೆಲಸ. ಹಲಗೆಗಳನ್ನು ಹೊತ್ತು ತಂದು ಹಳ್ಳಕ್ಕೆ ಸೇತುವೆ ಕಟ್ಟುತ್ತಾನೆ. ತಾನು ಹೊಡೆದಿದ್ದ ಆ ಪುಟ್ಟ ತಂಗಿಯನ್ನೇ ಕೈಹಿಡಿದು ದಾಟಿಸುತ್ತಾನೆ.

ಇದೇ ಪುಸ್ತಕಕ್ಕೆ ಅಮೆರಿಕದ ಶಾಲೆಗಳಲ್ಲಿ ವರ್ಷಗಟ್ಟಲೆ ಆಕ್ಷೇಪ ಬಂತು. ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳೆಂದು ಅಲ್ಲಿನ ಗ್ರಂಥಾಲಯ ಸಂಘ ಮಾಡಿದ 1990ರ ದಶಕದ ಪಟ್ಟಿಯಲ್ಲಿ ಇದು ಮುಂಚೂಣಿಯಲ್ಲಿತ್ತು. ಮಕ್ಕಳಿಗೆ ಇಷ್ಟು ಕ್ರೂರವಾದದ್ದನ್ನು ಯಾಕೆ ಓದಿಸಬೇಕು ಎಂದು ಕೇಳಿದವರಿದ್ದರು. ಆ ಪ್ರಶ್ನೆ ಪ್ರೀತಿಯಿಂದ ಹುಟ್ಟಿದ್ದು, ಅದಕ್ಕೆ ಗೌರವದಿಂದ ಉತ್ತರ ಕೊಡಬೇಕು. ಸಾವನ್ನು ಪುಸ್ತಕ ಮಗುವಿನ ಬಳಿಗೆ ತರುವುದಿಲ್ಲ. ಅದು ಆಗಲೇ ಬೀದಿಯಲ್ಲಿ, ಆಸ್ಪತ್ರೆಯಲ್ಲಿ, ಪಕ್ಕದ ಮನೆಯಲ್ಲಿ ಇದೆ, ಮಗು ಅದನ್ನು ಕಂಡಿದೆ. ಪುಸ್ತಕ ಮಾಡುವುದಿಷ್ಟೇ: ಕಂಡದ್ದನ್ನು ಮಾತಾಗಿಸುತ್ತದೆ.

ನಾಲ್ಕನೆಯದು 'ಎ ಮಾನ್‌ಸ್ಟರ್ ಕಾಲ್ಸ್'. ಈ ಕಾದಂಬರಿ ಹುಟ್ಟಿದ ಬಗೆಯೇ ಅಗಲಿಕೆಯ ಕಥೆ. ಇದರ ಕಲ್ಪನೆ, ಪಾತ್ರಗಳು, ಆರಂಭ, ಎಲ್ಲವೂ ಶಿವಾನ್ ಡೌಡ್ ಎಂಬ ಲೇಖಕಿಯವು. ಸ್ತನ ಕ್ಯಾನ್ಸರಿನಿಂದ 2007ರಲ್ಲಿ, 47ರ ವಯಸ್ಸಿಗೆ, ಅವರು ತೀರಿಕೊಂಡರು. ಅವರು ಬಿಟ್ಟುಹೋದದ್ದನ್ನು ಪ್ಯಾಟ್ರಿಕ್ ನೆಸ್ ಕೈಗೆತ್ತಿಕೊಂಡು ತಮ್ಮದೇ ರೀತಿಯಲ್ಲಿ ಬರೆದರು, ಜಿಮ್ ಕೇ ಕಪ್ಪು ಬಿಳುಪಿನ ಚಿತ್ರಗಳನ್ನು ಬಿಡಿಸಿದರು. 2011ರಲ್ಲಿ ಪ್ರಕಟವಾದ ಪುಸ್ತಕಕ್ಕೆ ಮರುವರ್ಷ ಬ್ರಿಟನ್ನಿನ ಕಾರ್ನೆಗಿ ಪದಕವೂ ಚಿತ್ರಗಳಿಗೆ ಕೊಡುವ ಗ್ರೀನವೇ ಪದಕವೂ ಬಂದವು. ಎರಡೂ ಒಂದೇ ಪುಸ್ತಕಕ್ಕೆ ಬಂದದ್ದು ಅದೇ ಮೊದಲು.

ಹದಿಮೂರರ ಕಾನರ್‌ನ ತಾಯಿಗೆ ಕ್ಯಾನ್ಸರ್. ಅಮ್ಮ ಗುಣವಾಗುತ್ತಾಳೆ ಎಂದು ಅಮ್ಮನೇ ಹೇಳುತ್ತಾಳೆ, ಅವನೂ ನಂಬಿದಂತೆ ಇರುತ್ತಾನೆ. ಬೇರೆ ದೇಶದಲ್ಲಿ ಬೇರೆ ಸಂಸಾರ ಹೂಡಿದ ತಂದೆ ಬಂದು ಹೋಗುತ್ತಾನೆ. ಶಾಲೆಯಲ್ಲಿ ಎಲ್ಲರಿಗೂ ವಿಷಯ ಗೊತ್ತು, ಅದಕ್ಕೇ ಯಾರೂ ಅವನನ್ನು ಬೈಯುವುದಿಲ್ಲ. ಅಜ್ಜಿಯ ಕೋಣೆಯನ್ನು ಪುಡಿಪುಡಿ ಮಾಡಿದರೂ ಶಿಕ್ಷೆಯಿಲ್ಲ. ಅವನಿಗೆ ಶಿಕ್ಷೆ ಬೇಕಾಗಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ರಾತ್ರಿ 12 ಗಂಟೆ 7 ನಿಮಿಷಕ್ಕೆ ಸ್ಮಶಾನದ ಯೂ ಮರ ಭೂತವಾಗಿ ಎದ್ದು ಬಂದು ಮೂರು ಕಥೆ ಹೇಳುತ್ತದೆ. ನಾಲ್ಕನೆಯ ಕಥೆಯನ್ನು ನೀನು ಹೇಳಬೇಕು, ಅದು ನಿಜವಾಗಿರಬೇಕು ಎನ್ನುತ್ತದೆ. ಕಾನರ್ ಬಚ್ಚಿಟ್ಟ ನಿಜ ಇದು: ಕಾದು ಕಾದು ಸೋತ ಅವನು, ಎಲ್ಲ ಬೇಗ ಮುಗಿದುಹೋಗಲಿ ಎಂದು ಮನದೊಳಗೆ ಬಯಸಿದ್ದ. ಕೆಟ್ಟ ಕನಸಿನಲ್ಲಿ ತಾಯಿಯ ಕೈ ಜಾರಿದ್ದಲ್ಲ, ತಾನೇ ಬಿಟ್ಟದ್ದು ಎಂದು ಅವನಿಗೆ ಗೊತ್ತು. ಅದಕ್ಕಾಗಿ ತನ್ನನ್ನು ಕೊಲೆಗಾರನಂತೆ ಕಂಡುಕೊಳ್ಳುತ್ತಿದ್ದಾನೆ.

ದೀರ್ಘ ಕಾಯಿಲೆಯವರ ಆರೈಕೆ ಮಾಡಿದ ಪ್ರತಿಯೊಬ್ಬರೂ ಈ ಪುಟದಲ್ಲಿ ತಮ್ಮನ್ನು ಕಂಡಾರು. ಬದುಕಲಿ ಎಂಬ ಆಸೆ ಮತ್ತು ಮುಗಿಯಲಿ ಎಂಬ ದಣಿವು ಒಂದೇ ಎದೆಯಲ್ಲಿ, ಒಂದೇ ಗಂಟೆಯಲ್ಲಿ ಇರುತ್ತವೆ. ದೊಡ್ಡವರು ಇದನ್ನು ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿಕೊಂಡು ಹಗುರಾಗುತ್ತಾರೆ. ಮಗುವಿಗೆ ಆ ಪಿಸುಮಾತಿನ ಜತೆಗಾರರೂ ಇಲ್ಲ. ನೀನು ಯೋಚಿಸಿದ್ದರಿಂದ ಅಮ್ಮ ಸಾಯಲಿಲ್ಲ, ನೀನು ನೋವಿನಿಂದ ತಪ್ಪಿಸಿಕೊಳ್ಳಲು ಬಯಸಿದೆ, ಮನುಷ್ಯರು ಹಾಗೆ ಬಯಸುತ್ತಾರೆ ಎಂದು ಯಾರಾದರೂ ಹೇಳಬೇಕು. ಸತ್ಯ ನುಡಿದ ಮೇಲೆ ಕಾನರ್‌ಗೆ ಕೊನೆಯ ಕೆಲಸ ಸಾಧ್ಯವಾಗುತ್ತದೆ. ಆಸ್ಪತ್ರೆಗೆ ಹೋಗಿ ತಾಯಿಯನ್ನು ಬಿಗಿಯಾಗಿ ಹಿಡಿದು, ನೀನು ಹೋಗುವುದು ನನಗೆ ಬೇಡ ಎನ್ನುತ್ತಾನೆ. ಹಾಗೆ ಹೇಳಿದ ಮೇಲೆಯೇ ಬೀಳ್ಕೊಡಲು ಆಗುತ್ತದೆ.

ಬ್ರಯನ್ ತನ್ನ ಗುಟ್ಟನ್ನು ಹೇಳದೆ ಉಳಿದ, ಕಾನರ್ ಹೇಳಿ ಉಳಿದ. ಎಲ್ಲ ಮಕ್ಕಳೂ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕೆಂದು ಈ ಕಾದಂಬರಿಗಳು ಹಟ ಹಿಡಿಯುವುದಿಲ್ಲ. ಬೇರೊಬ್ಬರ ಬದುಕಿನ ಗುಟ್ಟನ್ನು ಹೊರಲು ಸಾಧ್ಯ. ತನ್ನನ್ನೇ ಅಪರಾಧಿಯೆಂದು ಕಾಣಿಸುವ ಗುಟ್ಟನ್ನು ಮಗು ಒಬ್ಬಂಟಿಯಾಗಿ ಹೊರಬಾರದು. ಈ ವ್ಯತ್ಯಾಸವನ್ನು ತಿಳಿಯುವುದು ತಾಯ್ತಂದೆಯರಿಗೂ ಶಿಕ್ಷಕರಿಗೂ ಬಹಳ ಮುಖ್ಯ.

ಇವೆಲ್ಲ ಪರದೇಶದ ಪುಸ್ತಕಗಳು, ನಮ್ಮ ಮಕ್ಕಳಿಗೆ ಒಗ್ಗುತ್ತವೆಯೇ ಎಂದು ಕೇಳುವವರಿದ್ದಾರೆ. ಅವರಿಗೆ ಗೋವಿನ ಹಾಡನ್ನು ನೆನಪಿಸುತ್ತೇನೆ. ಕನ್ನಡದ ಮಗು ತಲೆಮಾರುಗಳಿಂದ ಕೇಳುತ್ತ ಬೆಳೆದ ಕಥೆ ಅದು. ಹುಲಿಯ ಬಾಯಿಗೆ ಹೊರಟ ಪುಣ್ಯಕೋಟಿ ಕರುವಿಗೆ ಸುಳ್ಳು ಹೇಳುವುದಿಲ್ಲ, ಮೇಯಲು ಹೋಗಿ ಬರುತ್ತೇನೆ ಎನ್ನುವುದಿಲ್ಲ. ತಾನು ಸಾಯಲಿದ್ದೇನೆ ಎಂದು ಹಾಲೂಡುತ್ತಲೇ ತಿಳಿಸುತ್ತಾಳೆ. ಇನ್ನು ಯಾರ ಹತ್ತಿರ ಮಲಗಲಿ, ಯಾರ ಹಾಲು ಕುಡಿಯಲಿ ಎಂಬ ಕರುವಿನ ಪ್ರಶ್ನೆಗಳನ್ನು ಹಾಡು ತಡೆಯುವುದಿಲ್ಲ, ಪೂರ್ತಿ ಕೇಳಿಸುತ್ತದೆ. ಆಮೇಲೆ ಆ ತಾಯಿ ಜತೆಗಾರ ಹಸುಗಳನ್ನು ಕರೆದು, ತಬ್ಬಲಿಯನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತಾಳೆ. ಮಗುವಿಗೆ ಸತ್ಯ ಹೇಳುವುದು, ಅದರ ಪ್ರಶ್ನೆಗಳನ್ನು ಕೇಳುವುದು, ಅದನ್ನು ಯಾರಿಗೆ ಒಪ್ಪಿಸಿದ್ದೇವೆಂದು ತಿಳಿಸುವುದು, ಈ ಮೂರನ್ನೂ ನಮ್ಮ ಜನಪದ ತಾಯಿ ಮಾಡಿದ್ದಾಳೆ. ನಾವು ಸತ್ಯವಾಕ್ಯದ ನೀತಿಯೊಂದನ್ನೇ ಹೆಕ್ಕಿ ಪರೀಕ್ಷೆಗೆ ಪ್ರಶ್ನೆ ಮಾಡಿದೆವು, ಕರುವಿನ ಅಳಲನ್ನು ಬಿಟ್ಟುಬಿಟ್ಟೆವು.

ಹೊಸ ಕನ್ನಡದಲ್ಲೂ ದಾರಿ ತೆರೆದವರಿದ್ದಾರೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದು ಊರೂರೇ ಮುಳುಗಿದ ಸಂಕಟವನ್ನು ದೊಡ್ಡವರಿಗಾಗಿ ಬರೆದ ಸಾಗರದ ನಾ. ಡಿಸೋಜ ಅವರು ಎಳೆಯರಿಗಾಗಿ 'ಮುಳುಗಡೆಯ ಊರಿಗೆ ಬಂದವರು' ಬರೆದರು. 2011ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಮಹಾಪಲಾಯನ', ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಮರುಭೂಮಿ, ಹಿಮಾಲಯಗಳನ್ನು ನಡೆದು ದಾಟಿದರೆಂದು ಹೇಳುವ ಕಥನ, ಇವತ್ತಿಗೂ ಹೈಸ್ಕೂಲಿನ ಹುಡುಗ ಹುಡುಗಿಯರನ್ನು ಊಟ ಮರೆಸಿ ಓದಿಸುತ್ತದೆ. ಓದುಗರು ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೆರೆಯಲ್ಲಿ ಮನೆ ಕಳೆದುಕೊಂಡ ಹುಡುಗಿ, ಕೆಲಸ ಹುಡುಕಿ ಗುಳೆ ಹೋದ ತಂದೆ ತಾಯಿಯನ್ನು ಕಾಯುತ್ತ ಅಜ್ಜಿಯ ಜತೆ ಉಳಿದ ಹುಡುಗ, ಸಾಲದ ಹೊರೆಗೆ ಸೋತು ಅಪ್ಪ ಹೋದ ಮೇಲೆ ಹೊಲ ನೋಡಿಕೊಳ್ಳುವ ಮಗ, ಇವರೆಲ್ಲ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ವಯಸ್ಸಿನ ಕಣ್ಣಿಂದ, ಅವರ ಮಾತಿನಲ್ಲಿ ಬರೆದ ಕಾದಂಬರಿಗಳು ಇನ್ನೂ ಬಹಳ ಬರಬೇಕಾಗಿದೆ.

ಇಂಥ ಪುಸ್ತಕ ಕೊಡುವವರಿಗೆ ಒಂದೆರಡು ಮಾತು. ಸಾವಾದ ವಾರದಲ್ಲೇ ಔಷಧಿಯಂತೆ ಇದನ್ನು ಮಗುವಿನ ಕೈಗೆ ಕೊಡಬೇಡಿ. ಆಗ ಬೇಕಾದದ್ದು ನಿಮ್ಮ ಮಡಿಲು, ನಿಮ್ಮ ಸಮಯ, ನೇರವಾದ ಉತ್ತರ. ಪುಸ್ತಕ ಸಾಧ್ಯವಾದರೆ ಅದಕ್ಕೂ ಮೊದಲೇ ಮನೆಯಲ್ಲಿರಲಿ, ಇಲ್ಲವೇ ತಿಂಗಳುಗಳು ಕಳೆದ ಮೇಲೆ ಕೈಗೆ ಸಿಗುವಲ್ಲಿ ಇರಲಿ. ಕೊಡುವ ಮುನ್ನ ನೀವು ಓದಿ. ಮಗು ಓದುತ್ತ ನಡುವೆ ಮುಚ್ಚಿಟ್ಟರೆ ಒತ್ತಾಯ ಮಾಡಬೇಡಿ. ಓದಿ ಮುಗಿಸಿದಾಗ ಇದರಿಂದ ಏನು ನೀತಿ ಕಲಿತೆ ಎಂದು ಕೇಳಬೇಡಿ. ಶಾಲೆಯಲ್ಲಿ ವಾರಕ್ಕೊಂದು ಅವಧಿ, ಪರೀಕ್ಷೆಯ ಹಂಗಿಲ್ಲದೆ, ಶಿಕ್ಷಕರು ಒಂದೊಂದೇ ಅಧ್ಯಾಯ ಗಟ್ಟಿಯಾಗಿ ಓದಲಿ. ಮಾತನಾಡುವ ಮಕ್ಕಳು ಮಾತನಾಡುತ್ತಾರೆ, ಸುಮ್ಮನಿರುವ ಮಕ್ಕಳಿಗೆ ಸುಮ್ಮನಿರುವ ಹಕ್ಕು ಇರಲಿ. ಮಗು ದಿನಗಟ್ಟಲೆ ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ, ಕಾದಂಬರಿಯ ಭರವಸೆಯಲ್ಲಿ ಕೂರಬೇಡಿ, ತಡಮಾಡದೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ.

ಈ ನಾಲ್ಕು ಕಾದಂಬರಿಗಳ ಮಕ್ಕಳು ಯಾರೂ ಕಳೆದುಕೊಂಡದ್ದನ್ನು ಮರಳಿ ಪಡೆಯುವುದಿಲ್ಲ. ರಾಮೋ ಬರುವುದಿಲ್ಲ, ಲೆಸ್ಲಿ ಬರುವುದಿಲ್ಲ, ಕಾನರ್‌ನ ಅಮ್ಮ ಬರುವುದಿಲ್ಲ. ಲೇಖಕರು ಮಕ್ಕಳಿಗೆ ಸುಳ್ಳು ಸಮಾಧಾನ ಕೊಡಲಿಲ್ಲ, ಅದೇ ಅವರು ತೋರಿಸಿದ ದೊಡ್ಡ ಗೌರವ. ನಮ್ಮ ಮನೆಯ ಮಕ್ಕಳಿಗೂ ಆ ಗೌರವ ಸಲ್ಲಬೇಕು. ಸಾವಾದಾಗ ಅವರಿಗೂ ನಿಜ ಹೇಳೋಣ. ಅವರ ಕೈಗೂ ಒಂದು ಕೆಲಸ ಕೊಡೋಣ: ಅಜ್ಜಿಯ ಫೋಟೋಗೆ ಹೂ ತರುವುದಿರಲಿ, ಅಪ್ಪ ನೆಟ್ಟ ಗಿಡಕ್ಕೆ ನೀರು ಹಾಕುವುದಿರಲಿ, ತಂಗಿಗೆ ಕಥೆ ಓದಿ ಹೇಳುವುದಿರಲಿ. ಕನ್ನಡದ ಬರಹಗಾರರು, ಪ್ರಕಾಶಕರು, ಗ್ರಂಥಾಲಯದವರು ಈ ವಯಸ್ಸಿನ ಓದುಗರನ್ನು ಗಂಭೀರವಾಗಿ ತೆಗೆದುಕೊಳ್ಳಲಿ. ದುಃಖವನ್ನು ಹೊರಬಲ್ಲೆ ಎಂಬ ನಂಬಿಕೆ ಮಗುವಿಗೆ ಬರುವುದು, ನೀನು ಹೊರಬಲ್ಲೆ, ನಾವೂ ಜತೆಗಿದ್ದೇವೆ ಎಂದು ದೊಡ್ಡವರು ನಂಬಿದಾಗ.